ಖಾಲಿ ಕರಡಿಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೂಗಿನ ತುದಿಯಲ್ಲೇ ಕೋಪ. ವಿಜಯನಗರದ ನಮ್ಮ ರಸ್ತೆಯಲ್ಲಿ ಇದು ಎಲ್ಲರಿಗೂ ಗೊತ್ತು. ತರಕಾರಿ ಗಾಡಿಯವನಿಗಂತೂ ಬಹಳ ಚೆನ್ನಾಗಿ ಗೊತ್ತು. ಹಾಗಾಗಿ ಆವತ್ತು ಸಂಜೆ ನನ್ನ ಮಗಳು ಲಾಸ್ಯ ಬೀದಿಯಿಂದ ಅಳುತ್ತಾ ಬಂದವಳು ನನ್ನ ಹತ್ತಿರ ಬರದೆ ಸೀದಾ ಅವಳ ತಾತನ ಹತ್ತಿರ ಓಡಿದಳು. ಅದು ಒಳ್ಳೆಯದೇ ಆಯಿತು. ನನ್ನ ಹತ್ತಿರ ಬಂದಿದ್ದರೆ ಅವಳ ಕಣ್ಣು ಒರೆಸುವ ಮೊದಲೇ ನಾನು ಪೊರಕೆ ಹಿಡಿದು ಬೀದಿಗೆ ಇಳಿದಿರುತ್ತಿದ್ದೆ.

ಅಳುವಿಗೆ ಕಾರಣ ಮಜ್ಜಿಗೆ. ನನ್ನ ಮಾವ ಸಿದ್ದಮಲ್ಲಪ್ಪನವರು ಸಂತೇಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಕಾಲದಿಂದಲೂ ಬೇಸಿಗೆ ಬಂತೆಂದರೆ ಅರವಟ್ಟಿಗೆ ನಡೆಸುವವರು. ಈಗ ಅಂಗಡಿ ಇಲ್ಲ, ಅರವಟ್ಟಿಗೆ ನಮ್ಮ ಮನೆಯ ಗೇಟಿನ ಮುಂದೆ ಬಂದಿದೆ. ಹೊಂಗೆಮರದ ನೆರಳಲ್ಲಿ ಒಂದು ಬೆಂಚು, ಅದರ ಮೇಲೆ ಒದ್ದೆ ಬಟ್ಟೆ ಸುತ್ತಿದ ಎರಡು ಮಡಕೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ನೀರುಮಜ್ಜಿಗೆ. ದಾರಿಹೋಕರು ಯಾರಾದರೂ ಸರಿ, ನಿಂತು ಕುಡಿದು ಹೋಗಬಹುದು. ಈ ವರ್ಷ ಮಾವ ಬೀದಿಯ ಮಕ್ಕಳನ್ನೇ ಕೆಲಸಕ್ಕೆ ಹಚ್ಚಿದ್ದರು. ಹೇಗೂ ರಜೆ, ಮೊಬೈಲ್ ಹಿಡಿದು ಕೂರುವ ಬದಲು ಇನ್ನೊಬ್ಬರ ಬಾಯಾರಿಕೆ ಏನು ಅಂತ ತಿಳಿದುಕೊಳ್ಳಲಿ ಎಂದು ಅವರ ಯೋಚನೆ. ಪಕ್ಕದ ಮನೆಯ ಚಂದ್ರಮತಿಯವರ ಮೊಮ್ಮಗ ಅಭಿರಾಮ ಮಜ್ಜಿಗೆ ಬಗ್ಗಿಸಬೇಕು, ಅವನ ತಂಗಿ ಲಹರಿ ಲೋಟ ತೊಳೆಯಬೇಕು. ಎಂಟು ವರ್ಷದ ಲಾಸ್ಯ ಎಲ್ಲರಿಗಿಂತ ಚಿಕ್ಕವಳು. ಅವಳಿಗೆ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೊಡುವ ಕೆಲಸ.

ಆವತ್ತು ಬೈಕಿನಲ್ಲಿ ಬಂದ ಒಬ್ಬ ಮಹಾನುಭಾವ ಲೋಟ ತೆಗೆದುಕೊಂಡ. ಒಂದು ಗುಟುಕು ಕುಡಿದು ಮುಖ ಕಿವುಚಿದ. ಉಳಿದದ್ದನ್ನು ಮಗುವಿನ ಕಾಲ ಬಳಿಯೇ ಚೆಲ್ಲಿ, "ಇದೆಲ್ಲ ಯಾರಿಗೆ ಬೇಕು, ಹೋಗಿ ಓದ್ಕೊಳ್ಳಿ" ಅಂತ ಉಪದೇಶ ಬೇರೆ ಮಾಡಿ ಹೊರಟುಹೋದ. ಅವನ ಮನೆ ಎಲ್ಲಿ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗದೆ ಇರುವುದು ಅವನ ಪುಣ್ಯ.

ಮಾವ ಆಗ ಸಂಜೆಯ ಪೂಜೆ ಮುಗಿಸುತ್ತಿದ್ದರು. ನಮ್ಮವರಲ್ಲಿ ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುತ್ತೇವೆ. ಅದನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ದಿನಕ್ಕೆ ಎರಡು ಹೊತ್ತು ಪೂಜೆ. ಪೂಜೆ ಆದಮೇಲೆ ಕರಡಿಗೆಯೊಳಗೆ ಇಟ್ಟು ಮುಚ್ಚಿ ಮತ್ತೆ ಕೊರಳಿಗೆ. ಕರಡಿಗೆ ಅಂದರೆ ಲಿಂಗದ ಬೆಳ್ಳಿಯ ಡಬ್ಬಿ. ನನ್ನದು ಗಡಿಬಿಡಿಯ ಪೂಜೆ, ಒಪ್ಪಿಕೊಳ್ಳುತ್ತೇನೆ. ಮಾವನದು ಹಾಗಲ್ಲ. ಮಠದಲ್ಲಿ ದೀಕ್ಷೆಯಾದ ದಿನದಿಂದ ಪೂಜೆಯಾಗದೆ ಬಾಯಿಗೆ ಒಂದು ಹನಿ ನೀರು ಹಾಕಿದವರಲ್ಲ. ಜ್ವರ ಬಂದು ಮಲಗಿದಾಗಲೂ ಎದ್ದು ಕೂತು ಪೂಜೆ ಮಾಡಿಯೇ ಮಾತ್ರೆ ನುಂಗುವವರು.

ಅಂಥವರು ಆವತ್ತು ಮೊಮ್ಮಗಳ ಅಳು ಕೇಳಿ ಪೂಜೆಯ ಕೊನೆಯ ಕೆಲಸವನ್ನು, ಲಿಂಗವನ್ನು ಕರಡಿಗೆಗೆ ಇಡುವುದನ್ನು, ಹಾಗೇ ಬಿಟ್ಟರು. ಲಿಂಗವನ್ನು ಹೂವಿನ ತಟ್ಟೆಯಲ್ಲಿಟ್ಟು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಅಡುಗೆಮನೆಯಲ್ಲಿದ್ದ ನನಗೆ ಮಾತು ಕೇಳಿಸುತ್ತಿತ್ತು.

"ಒಂದು ಲೋಟ ಮಜ್ಜಿಗೆ ಕೊಟ್ರೆ ಏನ್ ತಾತ ಆಗ್ತದೆ? ಏನೂ ಆಗಲ್ಲ. ನಾಳೆಯಿಂದ ನಾನು ಬರಲ್ಲ."

"ಒಬ್ಬ ಚೆಲ್ದ ಅಂತ ಹಿಂಗಂದ್ರೆ ಹೆಂಗೆ ಮಗಾ? ಉಳಿದೋರೆಲ್ಲ ಕುಡೀಲಿಲ್ವಾ?"

"ಕುಡುದ್ರು, ಹೋದ್ರು. ಅಷ್ಟೇ."

ಅವಳು ಮುಖ ಊದಿಸಿಕೊಂಡೇ ಎದ್ದು ಹೋದಳು. ಮಾವನೂ ಎದ್ದರು. ಮನಸ್ಸು ಮಗುವಿನ ಹಿಂದೆ ಹೋಗಿತ್ತು, ಕೈ ಮಾತ್ರ ರೂಢಿಯಂತೆ ಕರಡಿಗೆ ಮುಚ್ಚಿ ಕೊರಳಿಗೆ ಹಾಕಿಕೊಂಡಿತು. ಲಿಂಗ ತಟ್ಟೆಯಲ್ಲೇ ಹೂವಿನ ಅಡಿಯಲ್ಲಿ ಉಳಿದದ್ದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿಸಿತು. ನಾನು ದಡಬಡ ಎಂದು ಮನೆಯೆಲ್ಲ ಗುಡಿಸಿ, ಹಿಂದಿನ ದಿನದ ಹೂವು ಪತ್ರೆಯನ್ನು ತಟ್ಟೆಯಿಂದ ಹಸಿ ಕಸದ ಬಕೆಟ್ಟಿಗೆ ಸುರಿದು, ಗಾಡಿಯ ಕೆಂಚಮ್ಮನ ಕೈಗೆ ಕೊಟ್ಟು ಬಂದೆ. ಆಮೇಲೆ ಉಪ್ಪಿಟ್ಟಿಗೆ ರವೆ ಹುರಿಯುತ್ತಾ ನಿಂತೆ. ಮಾವ ಸ್ನಾನ ಮಾಡಿದರು. ಅವರಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಪೂಜೆಗೆ ಕೂರುತ್ತಾರೆ. ಪೂಜೆ ಮುಗಿಯುವ ಹೊತ್ತಿಗೆ ನಾನು ತಿಂಡಿ ತಟ್ಟೆ ಇಡುತ್ತೇನೆ. ವರ್ಷಗಳಿಂದ ನಡೆದುಬಂದ ಲೆಕ್ಕ ಇದು, ಒಂದು ದಿನವೂ ತಪ್ಪಿಲ್ಲ.

"ಹೇಮಾ."

ಆ ದನಿಯನ್ನು ನಾನು ಈ ಮನೆಗೆ ಬಂದಾಗಿನಿಂದ ಕೇಳಿರಲಿಲ್ಲ. ಸೌಟು ಹಿಡಿದೇ ಓಡಿದೆ. ಮಾವ ಮಣೆಯ ಮೇಲೆ ಕೂತಿದ್ದಾರೆ, ಅಂಗೈಯಲ್ಲಿ ಕರಡಿಗೆ ತೆರೆದುಕೊಂಡಿದೆ, ಒಳಗೆ ಏನೂ ಇಲ್ಲ. ಹೂವಿನ ತಟ್ಟೆ ನೆನಪಾಯಿತು, ಬಕೆಟ್ ನೆನಪಾಯಿತು, ಸುರಿದವಳು ನಾನೇ. ಅದಕ್ಕಿಂತ ದೊಡ್ಡ ಭಯ ಮರುಕ್ಷಣ ಬಂತು.

"ಮಾವ, ಸೂಜಿ ಚುಚ್ಕೊಂಡ್ರಾ?"

"ಹೂಂ ಕಣಮ್ಮ, ಆಗ್ಲೇ."

"ಹಂಗಾದ್ರೆ ಮೊದ್ಲು ತಿಂಡಿ ತಿಂದ್ಬುಡಿ. ಲಿಂಗ ನಾನು ತಂದ್ಕೊಡ್ತೀನಿ."

"ಲಿಂಗ ಕೈಗೆ ಬರೋ ತಂಕ ಒಂದು ತೊಟ್ಟು ನೀರೂ ಇಲ್ಲ."

ಬೇಡಿಕೊಂಡೆ. ಕಾಲು ಹಿಡಿದೆ. ಆಮೇಲೆ ಕೂಗಾಡಿದೆ, ಅದು ನನಗೆ ಬೇಡುವುದಕ್ಕಿಂತ ಚೆನ್ನಾಗಿ ಬರುತ್ತದೆ. ಮಾವ ತುಟಿ ಬಿಗಿದುಕೊಂಡು ಕೂತುಬಿಟ್ಟರು. ಡಾಕ್ಟರಿಗೆ ಫೋನು ಮಾಡಿದರೆ, "ತಕ್ಷಣ ಸಕ್ಕರೆನಾದ್ರೂ ಬಾಯಿಗೆ ಹಾಕಿ. ಇನ್ಸುಲಿನ್ ತಗೊಂಡು ಹೀಗೆ ಕೂತ್ರೆ ಒಂದು ಗಂಟೆನೂ ತಡ್ಕೊಳಲ್ಲ, ಎಚ್ಚರ ತಪ್ಪತ್ತೆ, ಜೀವಕ್ಕೇ ಅಪಾಯ" ಅಂದರು. ಮಠಕ್ಕೆ ಫೋನು ಮಾಡಿದೆ. ಸ್ವಾಮಿಗಳು ಒಂದು ಮಾತು ತಿನ್ನು ಅಂದರೆ ಮಾವ ತಿನ್ನುತ್ತಾರೆ. ಮಠದ ಮಹದೇವಸ್ವಾಮಿ ಫೋನು ಎತ್ತಿ, "ಬುದ್ಧಿಯೋರು ಪೂಜೆಗೆ ಕೂತವ್ರೆ ಕಣಕ್ಕ, ಬಾಗ್ಲು ತಟ್ಟಂಗಿಲ್ಲ" ಎಂದ. ನನ್ನ ಗಂಡ ಶಿವಕುಮಾರ್ ಕಡಕೊಳದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟಿನಲ್ಲಿದ್ದರು. ಒಳಗೆ ಫೋನು ಬಿಡುವುದಿಲ್ಲ.

ನನ್ನ ಕೂಗಾಟ ಕೇಳಿ ಪಕ್ಕದ ಮನೆಯಿಂದ ಚಂದ್ರಮತಿಯವರು ಬಂದರು, ಹಿಂದೆಯೇ ಅಭಿರಾಮ ಮತ್ತು ಲಹರಿ. ಚಂದ್ರಮತಿಯವರು ಸಂಸ್ಕೃತ ಮೇಡಂ ಆಗಿ ರಿಟೈರ್ ಆದವರು. ಅವರು, "ನೀನು ಗಾಡಿ ಹಿಂದೆ ಹೋಗು ಹೇಮಾ, ಇವರನ್ನ ಒಪ್ಪಿಸೋದು ನನಗೆ ಬಿಡು" ಎಂದು ಮಾವನ ಎದುರು ಕುರ್ಚಿ ಎಳೆದುಕೊಂಡು ಕೂತರು. ಅಭಿರಾಮ, "ಆಂಟಿ, ನಾವು ಆ ಕಡೆ ಕ್ರಾಸ್‌ಗಳನ್ನ ನೋಡ್ತೀವಿ" ಅಂತ ತಂಗಿಯ ಕೈ ಹಿಡಿದು ಓಡಿದ. ಲಾಸ್ಯ ನನ್ನ ಸ್ಕೂಟರಿನ ಹಿಂದೆ ಹತ್ತಲು ಬಂದಳು.

"ನೀನೆಲ್ಲಿಗೆ? ನೀನು ಚಿಕ್ಕೋಳು, ನಿನ್ನಿಂದ ಏನಾಗ್ತದೆ? ತಾತನ ಹತ್ರ ಕೂತ್ಕೋ ಹೋಗು" ಎಂದು ಗದರಿ ಸ್ಕೂಟರ್ ಬಿಟ್ಟೆ.

ಆವತ್ತು ನಾನು ಸ್ಕೂಟರ್ ಓಡಿಸಿದ ರೀತಿಯನ್ನು ಯಾವ ಪೊಲೀಸರೂ ನೋಡಲಿಲ್ಲ, ಶಿವನೇ ಕಾಪಾಡಿದ. ಕಸದ ಗಾಡಿ ಇದ್ದ ಕಡೆ ಹಾಡು ಇರಬೇಕು. ಹಾಡು ಎಲ್ಲಿಂದ ಬರುತ್ತಿದೆ ಅಂತ ಪ್ರತಿ ತಿರುವಿನಲ್ಲೂ ನಿಲ್ಲಿಸಿ ಕಿವಿಗೊಡುವುದು, ಮತ್ತೆ ಓಡಿಸುವುದು. ಬಲಗಡೆ ಮೈಕಿನ ಸದ್ದು ಕೇಳಿ ಪಾರ್ಕನ್ನು ಸುತ್ತಿಕೊಂಡು ಹೋದರೆ ಹಳೇ ಪೇಪರ್, ಹಳೇ ಕಬ್ಬಿಣದ ಗಾಡಿ. ಪಾಪ, ಅವನ ತಪ್ಪೇನಿಲ್ಲ, ಆದರೂ ಅವನಿಗೆ ಬೈದೆ. ಇನ್ನೊಂದು ರಸ್ತೆಗೆ ಹೋದರೆ ಕಸದ ಗಾಡಿಯೇ, ಆದರೆ ಬೇರೆಯದು, ಡ್ರೈವರೂ ಬೇರೆ. ಅಷ್ಟರಲ್ಲಿ ಎದುರಿನಿಂದ ಅಭಿರಾಮ ಎರಡು ಕೈಯನ್ನೂ ಬೀಸುತ್ತಾ ಓಡಿ ಬಂದ.

"ಆಂಟಿ, ನೀರಿನ ಟ್ಯಾಂಕ್ ಹತ್ರ. ನಮ್ಮ ಗಾಡಿ ಕಸನ ದೊಡ್ಡ ಲಾರಿಗೆ ಸುರಿಯೋಕೆ ಹೊರಟಿದಾರೆ. ಲಹರಿ ಅಡ್ಡ ನಿಂತಿದಾಳೆ."

ಹೋಗಿ ನೋಡಿದರೆ ನಿಜವಾಗಿಯೂ ಆ ಹತ್ತು ವರ್ಷದ ಹುಡುಗಿ ಕೈ ಅಗಲಿಸಿಕೊಂಡು ಗಾಡಿಯ ಹಿಂದೆ ನಿಂತಿದ್ದಾಳೆ. ಡ್ರೈವರ್ ನಿಂಗಯ್ಯ ತಲೆ ಚಚ್ಚಿಕೊಳ್ಳುತ್ತಿದ್ದಾನೆ. ನಾನೂ ಸ್ಕೂಟರನ್ನು ಲಾರಿಗೆ ಅಡ್ಡ ನಿಲ್ಲಿಸಿದೆ.

"ಏನ್ರಮ್ಮ ಇದು, ಎಲ್ಲಾ ಸೇರ್ಕೊಂಡು ಅಡ್ಡ ನಿಂತ್ಬುಟ್ರಲ್ಲ?"

"ನಿಂಗಯ್ಯ, ನಮ್ ಮಾವನ ಲಿಂಗ ಕಸದಲ್ಲಿ ಹೋಗ್ಬುಟ್ಟಿದೆ. ಅದು ಸಿಗೋ ತಂಕ ಅವ್ರು ಊಟ ಮುಟ್ಟಲ್ಲ. ಇನ್ಸುಲಿನ್ ತಗೊಂಡ್ಬುಟ್ಟವ್ರೆ. ಜೀವ ಹೋಗ್ತದೆ ಕಣಯ್ಯ."

ಕೆಂಚಮ್ಮ ಇನ್ನೇನೂ ಕೇಳಲಿಲ್ಲ, ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿದಳು. ನಾನೂ ಹತ್ತಿದೆ. ಮಾವಿನ ವಾಟೆ, ಟೀ ಚರಟ, ಹಳಸಿದ ಸಾಂಬಾರು, ಇಡೀ ಬಡಾವಣೆಯ ಅಡುಗೆಮನೆಗಳು ನನ್ನ ಮೊಣಕೈವರೆಗೆ ಬಂದವು. ಎಲ್ಲಾದರೂ ಹೂವು ಕಂಡರೆ ಬಾಚಿ ಬಾಚಿ ನೋಡುವುದು. ಇಷ್ಟೊಂದು ಮನೆಗಳಲ್ಲಿ ಇಷ್ಟೊಂದು ಜನ ಪೂಜೆ ಮಾಡುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ, ಎಲ್ಲಿ ನೋಡಿದರೂ ಸೇವಂತಿಗೆ.

"ಎಂಗದೆ ಅವ್ವ ಅದು?"

"ಕಪ್ಪಗೆ, ದೊಡ್ಡ ನೆಲ್ಲಿಕಾಯಿಯಷ್ಟು."

ಫೋನು ಬಡಿದುಕೊಂಡಿತು. ಕೈ ಗಲೀಜು, ಅಭಿರಾಮ ನನ್ನ ಕಿವಿಗೆ ಹಿಡಿದ. ಚಂದ್ರಮತಿಯವರು. "ಹೇಮಾ, ಬೆವರ್ತಾ ಇದಾರೆ. ಕೈ ನಡುಗ್ತಿದೆ, ಮಾತು ತೊದಲ್ತಿದೆ. ಆಂಬುಲೆನ್ಸ್‌ಗೆ ಹೇಳಿದೀನಿ, ಇನ್ನೂ ಬಂದಿಲ್ಲ. ನನ್ನ ಮಾತು ಕೇಳ್ತಾನೇ ಇಲ್ಲಮ್ಮ."

ನಾನು ಅಳುವವಳಲ್ಲ. ಆದರೆ ಆ ಕಸದ ಮಧ್ಯೆ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ. ತಾಯಿಯಿಲ್ಲದ ನನ್ನನ್ನು ಈ ಮನೆಯಲ್ಲಿ ಮಗಳ ಹಾಗೆ ನೋಡಿಕೊಂಡ ಮನುಷ್ಯ ಅವರು. ಅತ್ತುಕೊಂಡೇ ಎರಡೂ ಕೈಯಲ್ಲಿ ಬಾಚುತ್ತಿದ್ದೆ.

"ಅವ್ವ, ಇದಾ ನೋಡಿ" ಅಂದಳು ಕೆಂಚಮ್ಮ. ಬಿಲ್ವಪತ್ರೆ ಅಂಟಿಕೊಂಡ ಒಂದು ಕಪ್ಪು ಗುಂಡು ಅವಳ ಕಾಲ ಬಳಿ ಇತ್ತು. ಅವಳು ಕೈ ಚಾಚಿದವಳು ಅರ್ಧಕ್ಕೇ ತಡೆದು ನನ್ನ ಮುಖ ನೋಡಿದಳು. "ನಾ ಮುಟ್ಬೋದಾ?"

"ಪುಣ್ಯಾತ್ಗಿತ್ತಿ, ಇದೇನು ಕೇಳೋ ಮಾತಾ? ಎತ್ಕೊಡು ಮೊದ್ಲು."

ಎತ್ತಿ ಕೊಟ್ಟಳು. ನಿಂಗಯ್ಯ ತಾನು ಕುಡಿಯಲು ಇಟ್ಟುಕೊಂಡಿದ್ದ ಬಾಟಲಿಯ ನೀರನ್ನೆಲ್ಲ ಅದರ ಮೇಲೆ ಸುರಿದ. ಲಿಂಗವೇ. ಒಂದು ಗೀರೂ ಬಿದ್ದಿಲ್ಲ. ಲಹರಿ ಕುಣಿದಾಡಿಬಿಟ್ಟಳು. ನಾನು ಕೆಂಚಮ್ಮನನ್ನು ತಬ್ಬಿಕೊಂಡೆ, ಇಬ್ಬರ ಮೈಯಲ್ಲೂ ಅದೇ ವಾಸನೆ.

ಮನೆಯ ಕಡೆ ಹಾರಿದೆ ಅಂತಲೇ ಹೇಳಬೇಕು. ಲಿಂಗವನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಹಾರನ್ ಮೇಲಿಟ್ಟ ಹೆಬ್ಬೆರಳನ್ನು ತೆಗೆಯಲಿಲ್ಲ. ಗೆದ್ದೆ, ಗೆದ್ದೆ ಅಂತ ಮನಸ್ಸು ಕೂಗುತ್ತಿತ್ತು. ಗೇಟಿನ ಹತ್ತಿರ ಸ್ಕೂಟರಿಗೆ ಸ್ಟ್ಯಾಂಡೂ ಹಾಕಲಿಲ್ಲ, ಅದು ಹೊಂಗೆಮರಕ್ಕೆ ಒರಗಿಕೊಂಡಿತು. ಒಳಗೆ ನುಗ್ಗಿ, "ಮಾವ, ಸಿಕ್ತು, ಸಿಕ್ತು ಕಣ್ರೀ" ಅಂತ ಕೂಗಿದೆ.

ಮಾವ ಗೋಡೆಗೆ ಒರಗಿ ಕೂತಿದ್ದರು. ಅಂಗಿ ಬೆವರಿಗೆ ಒದ್ದೆ. ಆದರೆ ಕಣ್ಣು ತೆರೆದಿತ್ತು, ನನ್ನನ್ನು ಗುರುತು ಹಿಡಿಯಿತು. ಸೆರಗಿನ ಗಂಟು ಬಿಚ್ಚುತ್ತಾ ಹತ್ತಿರ ಹೋದವಳು ನಿಂತುಬಿಟ್ಟೆ. ಅವರ ಮೀಸೆಯ ಮೇಲೆ, ತುಟಿಯ ಮೂಲೆಯಲ್ಲಿ ಬಿಳಿ ಬಿಳಿ ಸಕ್ಕರೆ ಅಂಟಿತ್ತು. ಎದೆಯ ಮೇಲೂ ಬಿದ್ದಿತ್ತು, ನೆಲದ ಮೇಲೂ ಚೆಲ್ಲಿತ್ತು. ಪಕ್ಕದಲ್ಲಿ ಲಾಸ್ಯ ಸಕ್ಕರೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ತಿಂದ್ರಾ?"

"ಹೂಂ ಕಣಮ್ಮ" ಅಂದರು ಮಾವ, ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ.

ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಅದರಲ್ಲಿ ಬಂದ ಹುಡುಗಿ ಬೆರಳು ಚುಚ್ಚಿ ನೋಡಿ, ಇನ್ನಷ್ಟು ಸಕ್ಕರೆ ನೀರು ಕುಡಿಸಿ, ಮತ್ತೆ ಚುಚ್ಚಿ ನೋಡಿದಳು. "ಈಗ ಏರ್ತಾ ಇದೆ, ಭಯ ಇಲ್ಲ. ಯಾವಾಗ ಸಕ್ಕರೆ ಕೊಟ್ರಿ?" ಅಂದಳು. ಹತ್ತು ಹದಿನೈದು ನಿಮಿಷ ಆಯಿತು ಎಂದರು ಚಂದ್ರಮತಿಯವರು. "ಆಗ ಕೊಡದೆ ಇದ್ದಿದ್ರೆ ನಾವು ಬರೋ ಹೊತ್ತಿಗೆ ಕಷ್ಟ ಇತ್ತು ಮೇಡಂ" ಎಂದಳು. ನಾನು ಲೆಕ್ಕ ಹಾಕಿದೆ. ಹದಿನೈದು ನಿಮಿಷದ ಹಿಂದೆ ನಾನು ಗಾಡಿಯೊಳಗೆ ಅಳುತ್ತಾ ನಿಂತಿದ್ದೆ. ಅಂದರೆ ಆ ಸಕ್ಕರೆ ಇಲ್ಲದಿದ್ದರೆ ನಾನು ಅಷ್ಟೆಲ್ಲ ಹಾರಾಡಿ ತಂದ ಲಿಂಗವನ್ನು ಹಿಡಿಯಲು ಅಲ್ಲಿ ಕೈ ಇರುತ್ತಿರಲಿಲ್ಲ. ಅಲ್ಲೇ ನೆಲಕ್ಕೆ ಕೂತುಬಿಟ್ಟೆ.

ಆಂಬುಲೆನ್ಸ್ ಹೋದಮೇಲೆ ಚಂದ್ರಮತಿಯವರು ನಡೆದದ್ದನ್ನು ಹೇಳಿದರು. ಅವರು ಆಪದ್ಧರ್ಮದ ಬಗ್ಗೆ ಶಾಸ್ತ್ರ ತೆಗೆದರಂತೆ, ಪ್ರಾಣಕ್ಕೆ ಬಂದಾಗ ನಿಯಮ ಇಲ್ಲ ಅಂತ ಶ್ಲೋಕದ ಮೇಲೆ ಶ್ಲೋಕ ಹೇಳಿದರಂತೆ. ಮಾವ ನಡುಗುತ್ತಲೇ, "ಅದು ನಿಮ್ಮ ಪುಸ್ತಕ ಕಣಮ್ಮ, ನಮ್ಮದಲ್ಲ" ಅಂದುಬಿಟ್ಟರಂತೆ.

"ನಾನು ಸೋತೆ ಕಣೇ ಹೇಮಾ. ಆಮೇಲೆ ಇವಳು ಸ್ಟೂಲ್ ಹಾಕ್ಕೊಂಡು ಸಕ್ಕರೆ ಡಬ್ಬಿ ಇಳಿಸಿದಳು. ಒಂದು ಚಮಚ ತುಂಬಿಕೊಂಡು ಬಂದು ತಾತನ ಬಾಯಿ ಮುಂದೆ ಎರಡೂ ಕೈಯಲ್ಲಿ ಹಿಡಿದಳು. ಒಂದು ಮಾತಿಲ್ಲ. ಅವರು ಮುಖ ಆ ಕಡೆ ತಿರುಗಿಸಿದರು. ಇವಳು ಸುತ್ತಿಕೊಂಡು ಆ ಕಡೆ ಹೋದಳು. ಈ ಕಡೆ ತಿರುಗಿಸಿದರು, ಮತ್ತೆ ಈ ಕಡೆ ಬಂದಳು. ಕೈ ಸೋತು ಸಕ್ಕರೆಯೆಲ್ಲ ಚೆಲ್ಲಿಹೋಯಿತು, ಹೋಗಿ ಇನ್ನೊಂದು ಚಮಚ ತುಂಬಿಕೊಂಡು ಬಂದಳು. ಅಳಲೂ ಇಲ್ಲ, ಬೇಡಲೂ ಇಲ್ಲ. ಸುಮ್ಮನೆ ಹಿಡಿದುಕೊಂಡು ನಿಂತಳು. ಎಷ್ಟೋ ಹೊತ್ತಾದ ಮೇಲೆ ಇವರು ಬಾಯಿ ತೆಗೆದರು."

ಲಾಸ್ಯ ತಾನು ಮಾಡಿದ್ದು ಏನು ಅಂತ ಅಷ್ಟಾಗಿ ತಿಳಿಯದವಳಂತೆ ನೆಲದ ಮೇಲಿನ ಸಕ್ಕರೆಗೆ ಬಂದ ಇರುವೆಗಳನ್ನು ನೋಡುತ್ತಿದ್ದಳು. ಕೈಕಾಲು ತೊಳೆದುಕೊಂಡು ಬಾ ಅಂತ ಅವಳನ್ನು ಬಚ್ಚಲಿಗೆ ಕಳಿಸಿದೆ. ಚಂದ್ರಮತಿಯವರೂ ಮೊಮ್ಮಕ್ಕಳನ್ನು ಹುಡುಕಿಕೊಂಡು ಹೊರಗೆ ಹೋದರು. ನನಗೆ ಕೇಳದೆ ಇರಲು ಆಗಲಿಲ್ಲ.

"ಮಾವ, ನಾನು ಕಾಲು ಹಿಡಿದ್ರೂ ನೀವು ಬಾಯಿ ಬಿಡ್ಲಿಲ್ಲ. ಡಾಕ್ಟ್ರು ಹೇಳಿದ್ರೂ ಕೇಳ್ಲಿಲ್ಲ."

ಅವರು ಬಚ್ಚಲಿನ ಕಡೆ ನೋಡಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇಷ್ಟು ವರ್ಷ ಒಂದಿನವೂ ತಪ್ಪಿರ್ಲಿಲ್ಲ ಕಣಮ್ಮ. ಪ್ರಾಣ ಹೋದ್ರೂ ಸರಿ, ನೇಮ ಕೆಡಬಾರ್ದು ಅಂತ್ಲೇ ಕೂತಿದ್ದೆ. ಆದ್ರೆ ಆ ಮಗು ಹೋಗ್ಲೇ ಇಲ್ಲವಲ್ಲ, ಚಮಚ ಹಿಡ್ಕೊಂಡು ಅಲ್ಲೇ ನಿಂತಿತ್ತು. ನಿನ್ನೆ ತಾನೇ ಯಾವನೋ ಅದು ಕೊಟ್ಟ ಮಜ್ಜಿಗೆ ಚೆಲ್ಬುಟ್ಟ. ಇವತ್ತು ನಾನೂ ಮುಖ ತಿರುಗಿಸ್ಕೊಂಡೇ ಹೋಗ್ಬುಟ್ಟಿದ್ರೆ? ಕೊಟ್ರೆ ಏನೂ ಆಗಲ್ಲ ಅಂತ ಅದು ಬದುಕಿರೋ ತಂಕ ನಂಬ್ಬುಡೋದು. ನಾನು ಸತ್ತು ಅಷ್ಟು ಕೆಟ್ಟ ಪಾಠ ಹೇಳ್ಕೊಟ್ಟು ಹೋಗ್ಲಾ? ನನ್ನ ನೇಮ ಕೆಟ್ರೆ ಕೆಡ್ಲಿ ಬುಡು. ಅದ್ರ ಕೈ ಸೋಲಬಾರ್ದು."

ಲಿಂಗವನ್ನು ಶುದ್ಧ ನೀರಿನಲ್ಲಿ ತೊಳೆದು ತಂದು ಕೊಟ್ಟೆ. ಮಾವ ವಿಭೂತಿ ಹಚ್ಚಿಕೊಂಡು ಮಣೆಯ ಮೇಲೆ ಕೂತರು. ಎಡ ಅಂಗೈ ಚಾಚಿ ಲಿಂಗ ಇಟ್ಟುಕೊಂಡರು, ಆದರೆ ಕೈ ಇನ್ನೂ ನಡುಗುತ್ತಿತ್ತು, ಲಿಂಗ ನಿಲ್ಲುತ್ತಿರಲಿಲ್ಲ. ನಾನು ಹಿಡಿಯಲು ಬಗ್ಗಿದೆ. ಅವರು ತಲೆ ಅಲ್ಲಾಡಿಸಿ, ಬಚ್ಚಲಿನಿಂದ ಬಂದ ಲಾಸ್ಯಳನ್ನು ಹತ್ತಿರ ಕರೆದರು. ತಮ್ಮ ಅಂಗೈಯ ಕೆಳಗೆ ಅವಳ ಎರಡೂ ಕೈ ಇರಿಸಿಕೊಂಡರು.

"ಎಷ್ಟೊತ್ತು ಹಿಡ್ಕೋಬೇಕು ತಾತ?"

"ಪೂಜೆ ಮುಗಿಯೋ ತಂಕ ಮಗಾ. ನೀನು ಹಿಡ್ಕೊಂಡ್ರೇನೇ ಇವತ್ತು ಪೂಜೆ."

ಅವಳು ಮಂಡಿಯೂರಿ ಕೂತು ಹಿಡಿದುಕೊಂಡಳು. ಮಾವ ಕಣ್ಣು ಮುಚ್ಚಿದರು. ನಾನು ಕಸದ ಸೀರೆಯಲ್ಲೇ ಬಾಗಿಲಲ್ಲಿ ನಿಂತು, ಪೂಜೆ ಮುಗಿಯುವವರೆಗೂ ನೋಡುತ್ತಿದ್ದೆ.